ಬರ್ನಿಯ ಏಳಕ್ಷರ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಬರ್ನಿಗೆ ಒಂದು ಇಡೀ ಎಲೆಕೋಸು ತಂದುಕೊಟ್ಟಿದ್ದೆ.

ಅವರೇ ಕೇಳಿದರು ಎಂದುಕೊಂಡಿದ್ದೆ. ಮಧ್ಯಾಹ್ನ ಹೊಟ್ಟೆಗೆ ಏನಾದರೂ ತರೋಣವೆಂದು ಗೇಟು ದಾಟುತ್ತಿದ್ದೆ. ಬರ್ನಿ ಗೂಡಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕ್ಯಾಬೇಜ್!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಒಂದು ಸಾಕಾ?" ಎಂದೆ.

"ಒಂದು ಸಿಕ್ಕಿದ್ದೇ ಹೆಚ್ಚು ಕಣೋ!" ಎಂದರು, ಮುಖವೆಲ್ಲ ನಗು.

ಹೊಸ ಕೆಲಸ, ಹಿರಿಯರ ಅಪ್ಪಣೆ. ಹಿಮ ತುಳಿದುಕೊಂಡು ತರಕಾರಿ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡದನ್ನೇ ಆರಿಸಿ, ಎಳೆಮಗುವನ್ನು ತರುವ ಹಾಗೆ ಕೋಟಿನೊಳಗೆ ಅವುಚಿಕೊಂಡು ತಂದೆ. ಬರ್ನಿ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದ್ಯಾಕೋ?"

"ನೀವೇ ಹೇಳಿದ್ರಲ್ಲ..."

ಗಲ್ಲಾಪೆಟ್ಟಿಗೆಯ ಚಿಲ್ಲರೆ ಅಲುಗಾಡುವ ಹಾಗೆ ನಕ್ಕರು. "ಅಯ್ಯೋ ನನ್ನ ಬಂಗಾರ, ಅದು ಆ ಬಿಳೀ ಕಾರಿಗೆ ಹೇಳಿದ್ದು ಕಣೋ! ಸಿ, ಬಿ, ಜಿ!"

ಮರುದಿನ ಆ ಎಲೆಕೋಸು ಅಕ್ಕಿ, ಮಾಂಸ ತುಂಬಿದ ಸುರುಳಿಗಳಾಗಿ, ಟೊಮೇಟೊ ಗೊಜ್ಜಿನಲ್ಲಿ ಮುಳುಗಿ ವಾಪಸು ಬಂತು. ನನ್ನ ದಡ್ಡತನವನ್ನು ಯಾರಾದರೂ ಬೇಯಿಸಿ ನನಗೇ ಬಡಿಸಿದ್ದು ಅದೇ ಮೊದಲು. ರುಚಿಯಾಗಿತ್ತು.

ನಮ್ಮದು ಈರಿ ಪಟ್ಟಣದ ನಡುವಿನ ಒಂದು ಪಾರ್ಕಿಂಗ್ ಜಾಗ. ನಮ್ಮದು ಅಂದರೆ, ಜಾಗ ಯಾರದೋ, ಚಳಿ ನಮ್ಮದು. ಬರ್ನಿ ಗೇಟಿನ ಪಕ್ಕದ ಗೂಡಿನೊಳಗೆ ಕೂತು ದುಡ್ಡು ಇಸಿದುಕೊಳ್ಳುತ್ತಾರೆ. ಕೋರಿ ಎಂಬ ನಾನು ಹೊರಗೆ ಹಿಮ ಗೋರುತ್ತೇನೆ, ಗೆರೆ ದಾಟಿ ನಿಲ್ಲಿಸಿದವರಿಗೆ ಕೈಸನ್ನೆ ಮಾಡುತ್ತೇನೆ. ಸಲಿಕೆಗೂ ನನಗೂ ಯೋಗ್ಯತೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅದು ಎದುರು ಮಾತಾಡುವುದಿಲ್ಲ, ಅಷ್ಟರ ಮಟ್ಟಿಗೆ ಅದು ಮೇಲು.

ಬರ್ನಡೆಟ್ ಪಾವ್ಲಕ್ ಎಂಬುದು ಅವರ ಪೂರ್ತಿ ಹೆಸರು. ಪೂರ್ವಭಾಗದ ಪೋಲಿಷ್ ಕೇರಿಯಲ್ಲಿ ಹುಟ್ಟಿದವರು, ಅಲ್ಲೇ ಮದುವೆಯಾದವರು, ಗಂಡನನ್ನು ಅಲ್ಲೇ ಮಣ್ಣು ಮಾಡಿದವರು. ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಕೆಟ್ಟಿನ ಹಿಡಿ ಸಿಕ್ಕಿಸುವ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿತು, ಈ ಗೂಡಿಗೆ ಬಂದರು. ಅಪ್ಪ ಬ್ರೆಡ್ಡಿನ ಗಾಡಿ ಓಡಿಸುತ್ತಿದ್ದವರು. ಭಾನುವಾರ ಮಕ್ಕಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಅಜ್ಜಿಯ ಮನೆಗೆ ಹೊರಟರೆ, ಬರ್ನಿಯೂ ಅವರ ತಂಗಿಯೂ ದಾರಿಯುದ್ದಕ್ಕೂ ಜಡೆ ಜಗ್ಗಾಡುತ್ತಿದ್ದರಂತೆ. ಅದನ್ನು ನಿಲ್ಲಿಸಲು ಅಪ್ಪ ಹೇಳಿಕೊಟ್ಟ ಆಟ ಇದು: ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡು. ಅದರಲ್ಲಿರುವ ಮೂರು ಅಕ್ಷರ ಅದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ಬರುವಂಥ ಒಂದು ಪದ ಹೇಳು. ನಡುವೆ ಬೇರೆ ಅಕ್ಷರ ನುಸುಳಿದರೆ ಅಡ್ಡಿಯಿಲ್ಲ. ಆದರೆ ಪದಕ್ಕೆ ಏಳೇ ಅಕ್ಷರ ಇರಬೇಕು. ಪ್ಲೇಟಿನಲ್ಲಿ ಮೂರು ಅಕ್ಷರ, ನಾಲ್ಕು ಅಂಕಿ, ಒಟ್ಟು ಏಳು ಮನೆ ಇರುವುದರಿಂದ ಅಪ್ಪ ಮಾಡಿದ ಕಾನೂನು. ಅಪ್ಪ ಹೋದರು, ತಂಗಿ ಅರಿಜೋನಾಕ್ಕೆ ಹೋದಳು. ಕಾನೂನು ಮಾತ್ರ ಈರಿಯಲ್ಲೇ ಉಳಿಯಿತು.

ನಮ್ಮ ರಾಜ್ಯದಲ್ಲಿ ಪ್ಲೇಟು ಕಾರಿನ ಹಿಂದುಗಡೆ ಮಾತ್ರ. ಹಾಗಾಗಿ ಗಿರಾಕಿ ಬೆನ್ನು ತೋರಿಸಿದ ಮೇಲೇ ಬರ್ನಿಗೆ ಅವನ ಮೇಲೆ ಪ್ರೀತಿ. ಎಂ, ಟಿ, ಎನ್ ಬಂದರೆ "ಮಿಟನ್ಸ್!" ಜೆ, ಕೆ, ಟಿ ಬಂದರೆ "ಜಾಕೆಟ್ಸ್!" ಕಾರು ಬೀದಿಗೆ ತಿರುಗುವುದರೊಳಗೆ ಪದ ಬೀಳಬೇಕು. ಅಂಕಿಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಅಂಕಿ ನೋಡಿ ಸಾಯೋಕೆ ನಾನೇನು ಬ್ಯಾಂಕಿನೋಳಾ?" ದಿನಾ ಬರುವ ಕಾರುಗಳಿಗೆ ಮೊದಲ ವಾರವೇ ಪದ ಕಟ್ಟಿ ಮುಗಿಸಿಬಿಡುತ್ತಿದ್ದರು. ಆಮೇಲೆ ಆ ಪ್ಲೇಟುಗಳು ಅವರ ಪಾಲಿಗೆ ತಿಂದು ಬಿಟ್ಟ ಎಲೆ. ಹೊಸ ಕಾರು ಬೇಕು, ಹೊಸ ಅಕ್ಷರ ಬೇಕು.

ನಾನೂ ಕಲಿತೆ ಅನ್ನಿ. ಕಾರು ಊರು ದಾಟಿ, ಮಾಲೀಕ ಮನೆ ಸೇರಿ ಊಟ ಮಾಡಿ ಕೈತೊಳೆಯುವ ಹೊತ್ತಿಗೆ ನನಗೆ ಪದ ಹೊಳೆಯುತ್ತಿತ್ತು.

ಚಳಿಗಾಲದ ಕೊನೆಯ ಒಂದು ಶುಕ್ರವಾರ ಕ್ಲೆಮ್‌ಗೆ ಕಾರು ತಾಗಿತು. ಕ್ಲೆಮ್ ಬೀದಿಯ ಕೊನೆಯ ಮನೆಯ ಮುದುಕ, ಬರ್ನಿಯ ಚರ್ಚಿನವನೇ. ದಿನಾ ಮಧ್ಯಾಹ್ನ ಗೂಡಿನ ಕಿಟಕಿಗೆ ಬಂದು ಕಾಫಿ ಕುಡಿದು, ಸರಕಾರವನ್ನು ಬೈದು ಹೋಗುತ್ತಿದ್ದ. ಅವತ್ತು ಬೈದು ಮುಗಿಸಿ ಬೀದಿ ದಾಟುತ್ತಿದ್ದಾಗ ಮೂಲೆಯಲ್ಲಿ ತಿರುಗಿದ ಒಂದು ಕಡುನೀಲಿ ಕಾರು ಅವನನ್ನು ಸವರಿಕೊಂಡು ಹೋಯಿತು. ಮುದುಕ ಮಂಜುಗಟ್ಟಿದ ರಸ್ತೆಯ ಮೇಲೆ ಬಿದ್ದ. ಕಾರು ನಿಲ್ಲಲಿಲ್ಲ. ನಾನು ಆ ಕಡೆಗೆ ಬೆನ್ನು ಮಾಡಿ ಹಿಮ ಗೋರುತ್ತಿದ್ದೆ. ತಿರುಗಿದಾಗ ಕಂಡದ್ದು ಉರುಳುತ್ತಿದ್ದ ಅವನ ಟೋಪಿ ಮಾತ್ರ.

ಕ್ಲೆಮ್‌ನ ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಹೋದ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಗೂಡಿನ ಹತ್ತಿರ ಬಂದ. ಎಳೆಯ ಹುಡುಗ, ಮೂಗು ಚಳಿಗೆ ಕೆಂಪಾಗಿತ್ತು.

"ಅಕ್ಷರ ಏನಾದ್ರೂ ಕಾಣಿಸ್ತಾ ಮೇಡಂ?"

"ಎಲ್, ಟಿ, ಎನ್," ಎಂದರು ಬರ್ನಿ.

"ಖಚಿತವಾಗಿ?"

"ನೋಡಪ್ಪಾ, ನಾನು ಹೊಟ್ಟೆಪಾಡಿಗೆ ದುಡ್ಡು ಎಣಿಸ್ತೀನಿ, ಖುಷಿಗೆ ಅಕ್ಷರ ನೋಡ್ತೀನಿ. ದುಡ್ಡಲ್ಲಾದ್ರೆ ತಪ್ಪಾಗಬಹುದು."

ಅಧಿಕಾರಿ ನಕ್ಕ. ಇಂಥ ಸಾಕ್ಷಿ ಎಲ್ಲರಿಗೂ ಸಿಗೋದಿಲ್ಲ ಎಂದ. ನಾನು ಪಕ್ಕದಲ್ಲಿ ನಿಂತು, ಅವರಿಗೆ ಅಕ್ಷರ ಕಲಿಸಿದವನು ನಾನೇ ಎಂಬಷ್ಟು ಜಂಬದಿಂದ ತಲೆಯಾಡಿಸಿದೆ.

ಎರಡೇ ದಿನಕ್ಕೆ ಕಾರು ಸಿಕ್ಕಿತು. ಡ್ವೇನ್ ಲೂಪೊನದು, ಕಡುನೀಲಿ ಬಣ್ಣ, ಅವೇ ಮೂರಕ್ಷರ.

ಡ್ವೇನ್ ನಮ್ಮವನೇ. ಎದುರಿನ ಅಂಗಡಿಯ ಮಹಡಿಯ ಮೇಲೆ ಒಬ್ಬನೇ ವಾಸ, ತಿಂಗಳ ಲೆಕ್ಕದಲ್ಲಿ ನಮ್ಮಲ್ಲಿ ಕಾರು ನಿಲ್ಲಿಸುತ್ತಾನೆ. ಬೆಳಿಗ್ಗೆ, ಸಂಜೆ ಶಾಲಾ ಬಸ್ ಓಡಿಸುವ ಕೆಲಸ. ಅವತ್ತು ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದರೆ, ಸರೋವರದ ಕೊಲ್ಲಿಯ ಮಂಜಿನ ಮೇಲೆ ತೂತು ಕೊರೆದು ಮೀನು ಹಿಡಿಯುತ್ತಿದ್ದೆ ಎಂದ. ಜೊತೆಗೆ ಯಾರಿದ್ದರು? ಯಾರೂ ಇಲ್ಲ. ಮೀನು? ಅದೂ ಸಿಗಲಿಲ್ಲ. ಕಾರಿನ ಮುಂದುಗಡೆ ಹಳೆಯ ನೆಗ್ಗು ಬೇರೆ ಇತ್ತು, ಯಾರದೋ ಮನೆಯ ಅಂಚೆ ಡಬ್ಬಿಗೆ ಗುದ್ದಿದ್ದು ಎಂದ. ಹೇಳಿದ್ದೆಲ್ಲ ನಿಜವೇ. ಕೇಳಿದವರಿಗೆಲ್ಲ ಸುಳ್ಳಿನ ಹಾಗೇ ಕೇಳಿಸಿತು. ವಿಚಾರಣೆ ಮುಗಿಯುವ ತನಕ ಬಸ್ಸಿನ ಹತ್ತಿರ ಬರಬೇಡ ಎಂದು ಕಂಪನಿಯವರು ಹೇಳಿಬಿಟ್ಟರು.

ಸುದ್ದಿ ಕೇಳಿದ ಬರ್ನಿ, "ಡ್ವೇನಾ? ನಮ್ಮ ಡ್ವೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಯಾರೇ ಆಗಲಿ, ಕ್ಲೆಮ್‌ನನ್ನ ಬೀದೀಲಿ ಬಿಟ್ಟು ಹೋದೋನು ಹೋದೋನೇ," ಎಂದರು. ಅಕ್ಷರದ ಮೇಲೆ ಅವರಿಗೆ ಅಷ್ಟು ನಂಬಿಕೆ. ಶುಕ್ರವಾರಗಳಂದು ಚರ್ಚಿನ ಸಭಾಂಗಣದಲ್ಲಿ ಮೀನೂಟ ಇರುತ್ತದೆ, ಈಸ್ಟರ್ ಬರುವ ತನಕ ಆ ದಿನ ಮಾಂಸ ತಿನ್ನುವಂತಿಲ್ಲ. ಬರ್ನಿ ಅಲ್ಲಿ ಆಲೂಗೆಡ್ಡೆ ಕಡುಬು ಬಡಿಸುವವರು. ಸಾಲಿನಲ್ಲಿ ನಿಂತ ಹೆಂಗಸರು, "ನಿನ್ನ ಕಣ್ಣು ಹದ್ದಿನ ಕಣ್ಣು ಕಣೇ ಬರ್ನಿ, ಎಷ್ಟೊಳ್ಳೇ ಕೆಲಸ ಮಾಡ್ದೆ," ಎಂದು ಹೊಗಳಿ ಇನ್ನೊಂದು ಕಡುಬು ಗಿಟ್ಟಿಸಿಕೊಂಡರು.

ಕೆಡಿಸಿದ್ದು ನಾನು. ಯಾವಾಗಲೂ ಹಾಗೆಯೇ, ಗೆದ್ದೆ ಎನ್ನುವ ಹೊತ್ತಿಗೇ ಏನನ್ನಾದರೂ ಕೆಡಿಸಿರುತ್ತೇನೆ.

ಮುಂದಿನ ವಾರ ಒಂದು ಬೂದುಬಣ್ಣದ ವ್ಯಾನು ಗೇಟು ದಾಟಿತು. ಎಲ್, ಎ, ಟಿ. ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ಕಾರು ಕಣ್ಣಿಗೆ ಕಾಣುತ್ತಿರುವಾಗಲೇ ನನಗೆ ಪದ ಹೊಳೆಯಿತು.

"ಲ್ಯಾಂಟರ್ನ್!" ಎಂದು ಕೂಗಿದೆ. ಲಾಟೀನು. ಬೆರಳು ಮಡಿಸಿ ಎಣಿಸಿದೆ: ಎಲ್, ಎ, ಎನ್, ಟಿ, ಇ, ಆರ್, ಎನ್. "ಏಳು! ನೋಡಿ ಬರ್ನಿ, ಏಳಕ್ಕೆ ಏಳು!"

ಗೂಡಿನೊಳಗೆ ಇಣುಕಿ ನೋಡಿದರೆ ಬರ್ನಿಯ ಮುಖ ಬಿಳಿಚಿಕೊಂಡಿತ್ತು.

"ಏನಂದೆ?"

"ಲ್ಯಾಂಟರ್ನ್. ಯಾಕೆ, ನಡೆಯಲ್ವಾ?"

"ಆವತ್ತು ನಂಗೆ ಬಂದಿದ್ದೂ ಅದೇ ಕಣೋ. ಕ್ಲೆಮ್‌ಗೆ ಗುದ್ದಿದ ಕಾರಿಗೆ."

"ಹಾಗಾದ್ರೆ ಪಾಯಿಂಟ್ ಯಾರಿಗೆ?" ಎಂದೆ. ಹೌದು, ಹಾಗೇ ಕೇಳಿದೆ. ನನ್ನ ತಲೆ ಎಲ್ಲಿರುತ್ತದೆ ಎಂಬುದಕ್ಕೆ ಇನ್ನೇನು ಬೇಕು.

ಬರ್ನಿ ನನ್ನನ್ನು ಬೈಯಲೂ ಇಲ್ಲ. "ಇದರಲ್ಲಿ ಟಿ ಕೊನೆಗಿತ್ತು. ಎ ನಡುವೆ ಇತ್ತು. ಆದ್ರೂ ಅದೇ ಪದ ಬಂತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಲ್ಯಾಂಟರ್ನ್ ಎಷ್ಟು ಕಾರಿಗೆ ಬರುತ್ತೋ! ಎಲ್, ಎನ್, ಆರ್ ಇದ್ರೂ ಬರುತ್ತೆ. ಎಲ್, ಟಿ, ಆರ್ ಇದ್ರೂ ಬರುತ್ತೆ. ಆವತ್ತು ಪದ ಬಿತ್ತು, ಮುದುಕ ಬಿದ್ದ, ಅಕ್ಷರ ಮರೆತೇ ಹೋಯ್ತು. ಪೊಲೀಸ್ನೋನು ಕೇಳಿದಾಗ ನನ್ನ ಹತ್ರ ಇದ್ದಿದ್ದು ಪದ ಒಂದೇ. ನಾನು ಹೇಳಿದ್ದು ಕಾರಿನ ಅಕ್ಷರ ಅಲ್ವೋ ಕೋರಿ, ನನ್ನ ಪದದಿಂದ ಕಿತ್ತು ಕೊಟ್ಟಿದ್ದು."

"ಆದ್ರೂ... ಡ್ವೇನೇ ಇರಬಹುದಲ್ಲ?" ಎಂದೆ.

"ಇರಬಹುದು. ಇಲ್ದೇನೂ ಇರಬಹುದು. ನಾನು ಖಚಿತ ಅಂದ್ನಲ್ಲೋ!"

ಅಂದಿನಿಂದ ಆಟ ನಿಂತಿತು. ಗೂಡಿನ ಹಿಂದಿನ ಗಾಜಿಗೆ ಬರ್ನಿ ಹಳೆಯ ಪೇಪರ್ ಅಂಟಿಸಿದರು, ಬೀದಿ ಕಾಣದ ಹಾಗೆ. ಕಾರು ಹೋಗುವಾಗ ತಲೆ ತಗ್ಗಿಸಿ ಕೂರುವರು. ಏನೂ ಪ್ರಯೋಜನವಿರಲಿಲ್ಲ. "ಪೇಪರಲ್ಲೂ ಅಕ್ಷರಾನೇ ಇದೆ, ದರಿದ್ರದ್ದು," ಎಂದು ಬೈದುಕೊಂಡರು.

ಇದಕ್ಕಿಂತ ಕಷ್ಟವಾದದ್ದು ಡ್ವೇನ್ ಬರುವುದು. ಬಸ್ಸಿಲ್ಲದವನಿಗೆ ಹೊತ್ತು ಹೋಗಬೇಕಲ್ಲ, ದಿನಾ ಕಿಟಕಿಗೆ ಬಂದು ನಿಲ್ಲತೊಡಗಿದ, ಕ್ಲೆಮ್ ನಿಲ್ಲುತ್ತಿದ್ದ ಜಾಗದಲ್ಲೇ. ಬರ್ನಿ ಅವನಿಗೆ ಕಾಫಿ ಕೊಡುವರು, ಸಕ್ಕರೆ ತಾವೇ ಹಾಕಿ ಕಲಕುವರು, ಮನೆಯಿಂದ ಸಾಸೇಜು ಕಟ್ಟಿ ತರುವರು. ಅವನು ದೊಡ್ಡ ದೇಹದ, ಸಣ್ಣ ದನಿಯ ಮನುಷ್ಯ, ಪೊಲೀಸರಿಗೆ ಅಕ್ಷರ ಕೊಟ್ಟವರು ಯಾರೆಂದು ಗೊತ್ತಿಲ್ಲದವನು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳುತ್ತಿದ್ದ:

"ಅಂಗಡಿಗೆ ಹೋದ್ರೆ ಜನ ಮುಖ ತಿರುಗಿಸ್ತಾರೆ. ನನ್ನ ಬಸ್ಸಿನ ಒಂದು ಮಗು ನಿನ್ನೆ ಸಿಕ್ತು, ಕೈಬೀಸ್ತು. ಅವರಮ್ಮ ಆ ಕೈ ಹಿಡಿದು ಕೆಳಗಿಳಿಸಿದ್ಲು. ಈ ಬೀದೀಲಿ ನನ್ನ ನಂಬಿದೋರು ಅಂದ್ರೆ ನೀವೊಬ್ಬರೇ ಬರ್ನಿ."

ಬರ್ನಿ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಪಾಪ, ಆ ವಾರ ಅವನು ಕುಡಿದದ್ದು ಕಾಫಿಯಲ್ಲ, ಪಾಕ.

"ಸೋಮವಾರ ಕಂಪನೀಲಿ ಮೀಟಿಂಗು. ಇಟ್ಕೊಳ್ತಾರೋ ಕಳಿಸ್ತಾರೋ, ಅವತ್ತೇ ಹೇಳ್ತಾರಂತೆ," ಎಂದ ಗುರುವಾರ. "ಕಳಿಸ್ತಾರೆ ಬಿಡಿ. ಒಂದು ಸಲ ಇಂಥದಕ್ಕೆ ತೆಗೆದ್ರೆ, ಮಕ್ಕಳ ಬಸ್ಸು ಮತ್ತೆ ಯಾರು ಕೊಡ್ತಾರೆ?"

ಅವನು ಹೋದ ಮೇಲೆ ನಾನು ಬುದ್ಧಿ ಹೇಳಿದೆ. ಬುದ್ಧಿಯೆಂದರೆ ನನ್ನ ಮಟ್ಟದ್ದು. "ಸುಮ್ನಿರಿ ಬರ್ನಿ. ಪೊಲೀಸರೇ ಕಂಡುಹಿಡೀತಾರೆ. ಈಗ ಹೋಗಿ ಆಟ ಆಡ್ತಿದ್ದೆ ಅಂದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನನ್ನದೂ ಹೋಗುತ್ತೆ."

"ನಿನ್ನದು ಹೋದ್ರೆ ಸಲಿಕೆ ಇದೆ, ಅದು ಮಾಡ್ಕೊಳ್ಳುತ್ತೆ," ಎಂದರು. ಅಷ್ಟಾದರೂ ನಗಿಸಿದರಲ್ಲ ಎಂದುಕೊಂಡೆ. ಅವರು ನಗಲಿಲ್ಲ.

ಶನಿವಾರ ಬೆಳಿಗ್ಗೆ ಪಾಪನಿವೇದನೆಗೆ ಪಾದ್ರಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಕೊಂಡರಂತೆ. ಅಲ್ಲಿಂದ ನೇರ ಗೂಡಿಗೆ ಬಂದವರು ಕೋಟೂ ಬಿಚ್ಚಲಿಲ್ಲ.

"ಏನಂದ್ರು ಫಾದರ್?"

"ದೇವರಿಗೆ ಈಗಾಗಲೇ ಗೊತ್ತಂತೆ. ಗೊತ್ತಿಲ್ದೋರಿಗೆ ಹೋಗಿ ಹೇಳು ಅಂದ್ರು. ನಡಿ."

"ನಾನ್ಯಾಕೆ?"

"ಪದ ಕೂಗಿದ್ದು ನೀನೇ ತಾನೇ? ನಡಿ."

ಗೂಡಿಗೆ 'ಈಗ ಬರುತ್ತೇವೆ' ಎಂಬ ಫಲಕ ನೇತುಹಾಕಿ ಹೊರಟೆವು. ಠಾಣೆಯಲ್ಲಿ ಅದೇ ಕೆಂಪು ಮೂಗಿನ ಅಧಿಕಾರಿ. ಬರ್ನಿ ಆಟವನ್ನು ಮೊದಲಿನಿಂದ ವಿವರಿಸಿದರು, ಬ್ರೆಡ್ಡಿನ ಗಾಡಿ, ತಂಗಿಯ ಜಡೆಯ ಸಮೇತ. ಅವನು ಪೆನ್ನು ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಅಂದ್ರೆ ಮೇಡಂ, ನೀವು ನಂಬರ್ ನೋಡ್ಲಿಲ್ಲ?"

"ನೋಡ್ದೆ. ನೋಡಿ ಅದನ್ನ ಲಾಟೀನು ಮಾಡ್ದೆ. ನಂಬರ್ ಹೋಯ್ತು, ಲಾಟೀನು ಉಳೀತು."

"ಮೇಲಿನೋರಿಗೆ ನಾನು ಏನಂತ ಬರೀಲಿ? ಸಾಕ್ಷಿ ಕಂಡದ್ದು ಲಾಟೀನು ಅಂತಾನಾ?"

"ಸಾಕ್ಷಿ ಖಚಿತ ಅಂದಿದ್ದು ಸುಳ್ಳು ಅಂತ ಬರಿ."

ಅವನ ನಗು ಆರಿಹೋಯಿತು. ನಾನು ನೆಲದ ಟೈಲ್ಸ್ ನೋಡುತ್ತಾ ನಿಂತಿದ್ದೆ. ಅಮ್ಮನನ್ನು ಶಾಲೆಗೆ ಕರೆಸಿದಾಗ ನಿಲ್ಲುವ ರೀತಿ ಅದು, ಆದರೆ ಇಲ್ಲಿ ತಪ್ಪು ಒಪ್ಪಿಕೊಳ್ಳುತ್ತಿದ್ದವರು ಅಮ್ಮನ ಜಾಗದಲ್ಲಿದ್ದ ಬರ್ನಿ. ಆ ಲಾಟೀನಿನಿಂದ ಬರಬಹುದಾದ ಮೂರಕ್ಷರಗಳನ್ನೆಲ್ಲ ಬರ್ನಿ ಒಂದೊಂದಾಗಿ ಬಾಯಲ್ಲಿ ಹೇಳಿದರು, ಅವನು ಕಂಪ್ಯೂಟರಿನಲ್ಲಿ ಕಡುನೀಲಿ ಕಾರುಗಳ ಜೊತೆ ತಾಳೆ ನೋಡುತ್ತಾ ಹೋದ. ಅಷ್ಟು ಚುರುಕಾಗಿ ಅವರು ಹಿಂದೆಂದೂ ಆಡಿದ್ದಿಲ್ಲ. ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳುವವರ ಹಾಗಿತ್ತು.

ಸೋಮವಾರದ ಮೀಟಿಂಗನ್ನು ಪೊಲೀಸರ ಮಾತಿನ ಮೇಲೆ ಮುಂದಕ್ಕೆ ಹಾಕಿದರು. ಬುಧವಾರ ಕಾರು ಸಿಕ್ಕಿತು. ಎಲ್, ಎನ್, ಆರ್. ಪಕ್ಕದ ಊರಿನ ಕಾಲೇಜು ಹುಡುಗಿ. ಹೆದರಿ ಓಡಿಹೋಗಿದ್ದಳು, ಪೊಲೀಸರು ಬಾಗಿಲು ತಟ್ಟಿದ ಕೂಡಲೇ ಅಳುತ್ತಾ ಒಪ್ಪಿಕೊಂಡಳಂತೆ.

ಡ್ವೇನ್‌ಗೆ ಕೆಲಸ ವಾಪಸು ಸಿಕ್ಕಿತು. ಹಳೆಯ ದಾರಿ ಸಿಗಲಿಲ್ಲ. ಆ ಮಕ್ಕಳಿಗೆ ಆಗಲೇ ಬೇರೆ ಡ್ರೈವರ್ ಬಂದಾಗಿತ್ತು. ಇವನನ್ನು ಊರಾಚೆಯ ಹೊಸ ದಾರಿಗೆ ಹಾಕಿದರು. ಬೆಳಿಗ್ಗೆ ಬೇಗ ಹೊರಡಬೇಕು, ಸಂಜೆ ತಡವಾಗಿ ಬರಬೇಕು, ಹೀಗಾಗಿ ಕಿಟಕಿಗೆ ಬರುವುದು ತಪ್ಪಿತು. ಬರ್ನಿ ಕಾಫಿಯನ್ನು ಫ್ಲಾಸ್ಕಿನಲ್ಲಿ ಮಾಡಿಟ್ಟುಕೊಂಡು ಕಾಯುವರು, ಸಂಜೆ ಚೆಲ್ಲುವರು.

"ಅವನಿಗೆ ಹೇಳಿದ್ರಾ?" ಎಂದೆ ಒಂದು ದಿನ.

"ಪೊಲೀಸ್‌ಗೆ ಹೇಳಿದೆ, ಫಾದರ್‌ಗೆ ಹೇಳಿದೆ, ಆಸ್ಪತ್ರೆಗೆ ಹೋಗಿ ಕ್ಲೆಮ್‌ಗೂ ಹೇಳಿದೆ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಸುಲಭದೋರಿಗೆಲ್ಲ ಹೇಳಿ ಮುಗಿಸ್ದೆ ಕಣೋ," ಎಂದರು.

ಅದರ ಮುಂದಿನ ಶುಕ್ರವಾರ ಮೀನೂಟದಲ್ಲಿ ನಾನು ಬರ್ನಿಯ ಪಕ್ಕದಲ್ಲೇ ನಿಂತು ಕೋಸಂಬರಿ ಬಡಿಸುತ್ತಿದ್ದೆ. ಎಲೆಕೋಸಿನದೇ. ಈ ಊರು ನನ್ನ ಅವಮಾನವನ್ನು ನಾನಾ ರೂಪದಲ್ಲಿ ಬಡಿಸುತ್ತದೆ. ಸಾಲು ಬಾಗಿಲಿನ ತನಕ ಇತ್ತು. ಅದರಲ್ಲಿ ಡ್ವೇನ್ ಕಂಡ. ಚರ್ಚಿಗೆ ಬರುವವನಲ್ಲ ಅವನು. ಕೈಯಲ್ಲಿ ತಟ್ಟೆಯೂ ಇರಲಿಲ್ಲ.

ಸರದಿ ಬಂದಾಗ ಅವನು ಬರ್ನಿಯ ಎದುರು ನಿಂತ. ಹಿಂದಿನವರು ಕಾಯುತ್ತಿದ್ದರು.

"ಪೊಲೀಸರ ಹತ್ರ ಹೋಗಿ ನನ್ನ ಬಿಡಿಸಿದ್ದು ನೀವಂತೆ," ಎಂದ ತನ್ನ ಸಣ್ಣ ದನಿಯಲ್ಲಿ.

ಬರ್ನಿಯ ಚಮಚ ಗಾಳಿಯಲ್ಲೇ ನಿಂತಿತು.

"ಮೊದಲು ಹಿಡಿಸಿದ್ದೂ ನೀವೇ ಅಂತೆ."

"ಹೂಂ."

"ಅಷ್ಟು ದಿನ ಕಾಫಿ ಕೊಟ್ರಿ."

"ಕೊಟ್ಟೆ."

ಅವನು ಬೈಯುತ್ತಾನೆ ಎಂದು ನಾನು ಕಾದೆ. ಬೈದಿದ್ದರೆ ಬರ್ನಿಗೆ ಹಗುರವಾಗುತ್ತಿತ್ತೇನೋ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಹಿಂದಿನ ಹೆಂಗಸರೂ ಮಾತು ನಿಲ್ಲಿಸಿ ಕಿವಿಗೊಟ್ಟರು.

"ಒಂದೇ ಮಾತು ಹೇಳಿ ಬರ್ನಿ. ಆ ಪದದಿಂದ ಎಷ್ಟೋ ನಂಬರ್ ಬರುತ್ತಂತೆ, ಪೊಲೀಸ್ನೋನು ಹೇಳಿದ. ಅಷ್ಟರಲ್ಲಿ ನನ್ನದೇ ಯಾಕೆ?"

ಬರ್ನಿ ಕಡುಬಿನ ಪಾತ್ರೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅವನನ್ನೇ ನೋಡಿದರು.

"ನೀನು ಬಂದ ಮೊದಲನೇ ವಾರವೇ ನಿನ್ನ ಕಾರಿಗೆ ಲ್ಯಾಂಟರ್ನ್ ಅಂತ ಕಟ್ಟಿಟ್ಟಿದ್ದೆ. ಆಮೇಲೆ ದಿನಾ ನೀನು ಹೋಗ್ತಿದ್ದೆ, ಬರ್ತಿದ್ದೆ, ನಾನು ನಿನ್ನ ಕಡೆ ಸರಿಯಾಗಿ ನೋಡ್ಲೇ ಇಲ್ಲ," ಎಂದರು. "ಅದಕ್ಕೇ ಆ ಪದದ ಜೊತೆ ನಿನ್ನ ಅಕ್ಷರಾನೇ ಬಾಯಿಗೆ ಬಂತು."